ಕುದುರೆ ಸವಾರಿ ಕಲಿಯಲು ಗುಂಪಿನ ತರಗತಿಯೋ, ಹಗ್ಗದ ಪಾಠವೋ? ಎರಡನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರಾದ ಮೇಲೆ ಕುದುರೆ ಸವಾರಿ ಕಲಿಯುವ ಆಸೆ ಇದ್ದರೆ, ಮೊದಲ ಹತ್ತು ಪಾಠ ಹಗ್ಗದ ಮೇಲೆ ಕಲಿಯಿರಿ. ಅಂದರೆ ಕುದುರೆಯ ಹಗ್ಗ ಪಾಠ ಮಾಡುವವರ ಕೈಯಲ್ಲಿ, ಕುದುರೆ ಮೇಲೆ ನೀವು ಒಬ್ಬರೇ, ಲಗಾಮು ಮುಟ್ಟದೆ. ಗುಂಪಿಗೆ ಆಮೇಲೆ ಸೇರಿ. ನಾನು ಇದನ್ನು ಉಲ್ಟಾ ಮಾಡಿದೆ. ಹಾಗಾಗಿ ಎರಡರ ವ್ಯತ್ಯಾಸ ನನ್ನ ಸೊಂಟಕ್ಕೂ ಭುಜಕ್ಕೂ ಚೆನ್ನಾಗಿ ಗೊತ್ತು.

ನನಗೀಗ 41. ನಮ್ಮ ದೊಡ್ಡಪ್ಪನ ಮನೆ ಕುಣಿಗಲ್‌ನಲ್ಲಿತ್ತು. ಅಲ್ಲಿನ ಸ್ಟಡ್ ಫಾರ್ಮ್, ಅಂದರೆ ಕುದುರೆ ತಳಿ ಬೆಳೆಸುವ ತೋಟ, ಟಿಪ್ಪು ಕಾಲದಿಂದಲೂ ಕುದುರೆಗಳ ಜಾಗ. ಬೇಸಿಗೆ ರಜೆಗೆ ಹೋದಾಗ ಬೇಲಿ ಆಚೆ ಮರಿಗಳು ತಾಯಿಯ ಪಕ್ಕದಲ್ಲೇ ಓಡುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಆ ಆಸೆ ಒಳಗೇ ಉಳಿದಿತ್ತು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಎರಡು ಬೆಳ್ಳಿ ಗೆದ್ದರು. ಒಂದು ವೈಯಕ್ತಿಕ, ಇನ್ನೊಂದು ತಂಡದ್ದು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 23ನೇ ಸ್ಥಾನಕ್ಕೆ ಬಂದಾಗ ಟಿವಿ ಮುಂದೆ ಕೂತು ನೋಡಿದ್ದೆ. ಅಷ್ಟು ವೇಗದಲ್ಲಿ ಕುದುರೆ ಬೇಲಿ ಹಾರುವಾಗಲೂ ಅವರ ಕೈ ಎಷ್ಟು ಮೆತ್ತಗಿತ್ತು ಎನ್ನುವುದೇ ನನ್ನ ಮನಸ್ಸಿನಲ್ಲಿ ಉಳಿಯಿತು. ಆ ಮೆತ್ತಗಿನ ಕೈ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗಲು ನನಗೆ ಒಂದು ವರ್ಷವೇ ಬೇಕಾಯಿತು.

ಊಟಿ ಕೆರೆ ಹತ್ತಿರದ ಸವಾರಿಯನ್ನು ಈ ಹೋಲಿಕೆಗೆ ಸೇರಿಸಬೇಕೋ ಬೇಡವೋ ಎಂದು ಯೋಚಿಸಿದೆ. ಎಷ್ಟೋ ಜನ ಶುರು ಮಾಡುವುದೇ ಅಲ್ಲಿ, ಅಲ್ವಾ? ನಾನೂ ಹತ್ತಿದ್ದೆ. ಯಜಮಾನರು ಮುಂದೆ ಹಗ್ಗ ಹಿಡಿದು ನಡೆಯುತ್ತಾರೆ, ಕಾಲು ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ. ತಲೆಗೆ ಹೆಲ್ಮೆಟ್ ಇರಲಿಲ್ಲ. ಪಾದ ಇಡುವ ಬಳೆ, ಅಂದರೆ ರಿಕಾಪು, ನನ್ನ ಕಾಲಿನ ಅಳತೆಗೂ ಇರಲಿಲ್ಲ. ಕುದುರೆ ಮೇಲೆ ಕೂತರೆ ನೆಲ ಎಷ್ಟು ಕೆಳಗೆ ಕಾಣುತ್ತದೆ, ಎತ್ತರ ನಿಮಗೆ ಆಗುತ್ತದೋ ಇಲ್ಲವೋ ಎನ್ನುವುದು ಅಲ್ಲಿ ತಿಳಿಯುತ್ತದೆ. ಕಲಿಕೆ ಬೇರೆಯೇ ವಿಷಯ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಗುಂಪಿನ ತರಗತಿ ಬೆಂಗಳೂರಿನ ಉತ್ತರ ಭಾಗದ ಒಂದು ದೊಡ್ಡ ಸವಾರಿ ಶಾಲೆಯಲ್ಲಿ. ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಗೆ. ಆರು ಜನ, ಆರು ಕುದುರೆ, 45 ನಿಮಿಷ. ತರಗತಿಗೆ ನಾನು ಕೊಟ್ಟಿದ್ದು 1,000 ರೂಪಾಯಿ. ಮೇಷ್ಟ್ರು ಸೈನ್ಯದಿಂದ ನಿವೃತ್ತರಾದವರು. ದನಿ ಜೋರು, ಮನಸ್ಸು ಒಳ್ಳೆಯದು. ನಾವು ಬರುವಷ್ಟರಲ್ಲಿ ಕುದುರೆಗೆ ಜೀನು ಹಾಕಿ ನಿಲ್ಲಿಸಿರುತ್ತಿದ್ದರು. ಕಟ್ಟೆ ಹತ್ತಿ, ಎಡಗಡೆಯಿಂದ ಏರಿ, ಸಾಲಾಗಿ ಮೈದಾನಕ್ಕೆ ಹೋಗುವುದು. ಎಡದಿಂದ ಏರುವ ರೂಢಿ ಕತ್ತಿಯ ಕಾಲದ್ದಂತೆ. ಎಡಸೊಂಟದಲ್ಲಿ ಕತ್ತಿ ನೇತಾಡುವವರು ಬಲದಿಂದ ಏರಲು ಹೋದರೆ ಅದು ಅಡ್ಡ ಬರುತ್ತದೆ.

ಮೊದಲ ದಿನದಿಂದಲೇ ಲಗಾಮು ಕೈಗೆ ಕೊಟ್ಟರು. ಆಗ ಖುಷಿಯೋ ಖುಷಿ. ನಾನು ಬಲಕ್ಕೆ ಎಳೆದರೆ ಕುದುರೆ ಬಲಕ್ಕೆ ಹೋಗುತ್ತಿದೆ ಅಂದುಕೊಂಡಿದ್ದೆ. ನಿಜವಾಗಿ ಅದು ಮುಂದಿನ ಕುದುರೆಯ ಬಾಲ ನೋಡಿಕೊಂಡು ಹೋಗುತ್ತಿತ್ತು. ಸಾಲಿನಲ್ಲಿ ನಡೆಯುವ ಕುದುರೆಗೆ ದಾರಿ ಹೇಳುವವರೇ ಬೇಕಿಲ್ಲ. ಗುಂಪಿನ ದೊಡ್ಡ ತೊಂದರೆ ಇದೇ. ಕಲಿಯದೇ ಇದ್ದರೂ ಕಲಿತಂತೆ ಅನ್ನಿಸುತ್ತದೆ.

ಮೂರನೇ ವಾರ ಟ್ರಾಟ್, ಅಂದರೆ ನಡಿಗೆಗಿಂತ ಜೋರಾದ ಕುಲುಕು ಓಟ, ಶುರುವಾಯಿತು. ನಡಿಗೆಯಲ್ಲಿ ಕುದುರೆಯ ನಾಲ್ಕು ಕಾಲೂ ಒಂದಾದ ಮೇಲೊಂದು ಬೀಳುತ್ತವೆ, ಮೈ ತೊಟ್ಟಿಲಿನಂತೆ ತೂಗುತ್ತದೆ. ಟ್ರಾಟ್‌ನಲ್ಲಿ ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ. ಆಮೇಲೆ ಆ ಕಡೆಯ ಜೋಡಿ. ಟಕ್, ಟಕ್ ಎಂದು ಎರಡೇ ಪೆಟ್ಟು. ಪ್ರತಿ ಪೆಟ್ಟಿಗೂ ಜೀನು ನಮ್ಮನ್ನು ಮೇಲೆ ಎಸೆಯುತ್ತದೆ. ಒಂದು ಪೆಟ್ಟಿಗೆ ಎದ್ದು, ಇನ್ನೊಂದಕ್ಕೆ ಕೂರುವುದನ್ನು ಕಲಿಯಬೇಕು. ನನಗೆ ಆಗಲಿಲ್ಲ. ಬೀಳುವ ಭಯಕ್ಕೆ ಲಗಾಮು ಬಿಗಿಯಾಗಿ ಹಿಡಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಡೀ ವಿಷಯದ ಗಂಟು ಇದೇ. ಲಗಾಮಿನ ಇನ್ನೊಂದು ತುದಿಯಲ್ಲಿ ಕಡಿವಾಣ ಇದೆ. ಅದು ಕುದುರೆಯ ಮುಂದಿನ ಹಲ್ಲು ಮತ್ತು ದವಡೆ ಹಲ್ಲುಗಳ ನಡುವೆ, ಹಲ್ಲಿಲ್ಲದ ಬರೀ ವಸಡಿನ ಜಾಗದಲ್ಲಿ ಕೂರುತ್ತದೆ. ನಾನು ಎಗರಿದಾಗಲೆಲ್ಲ ನನ್ನ ಭಾರ ಆ ವಸಡಿನ ಮೇಲೆ ಬೀಳುತ್ತಿತ್ತು. ನನ್ನ ಕುದುರೆ ತಲೆ ಒದರುತ್ತಿತ್ತು. 'ತುಂಟ ಕುದುರೆ' ಎಂದು ನಾವೆಲ್ಲ ಹೇಳುತ್ತಿದ್ದೆವು. ಅದು ತುಂಟತನವಲ್ಲ, ನೋವು. ಈ ಮಾತು ಬರೆಯುವಾಗ ಈಗಲೂ ಬೇಜಾರಾಗುತ್ತದೆ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ರೇಸ್ ನಡೆಯುವುದರಿಂದ, ನಮ್ಮ ಕಡೆಯ ಶಾಲೆಗಳಲ್ಲಿ ರೇಸಿನಿಂದ ನಿವೃತ್ತವಾದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಗಳು ಬಹಳ. ಸುಂದರ ಪ್ರಾಣಿಗಳು. ನನ್ನದು ಹದಿನಾರು ಕೈ ಎತ್ತರ. ಒಂದು ಕೈ ಅಂದರೆ ನಾಲ್ಕು ಇಂಚು, ಅಲ್ಲಿಗೆ ಭುಜದವರೆಗೇ 64 ಇಂಚು. ರೇಸಿನಲ್ಲಿ ಈ ಕುದುರೆಗಳು ಕಡಿವಾಣಕ್ಕೆ ಬಾಯಿ ಒತ್ತಿಕೊಂಡೇ ಓಡುವುದನ್ನು ಕಲಿತಿರುತ್ತವೆ. ಹಾಗಾಗಿ ಹೆದರಿದ ಹೊಸಬರು ಮುಂದಕ್ಕೆ ಬಾಗಿ ಲಗಾಮು ಬಿಗಿ ಹಿಡಿದರೆ, ಕೆಲವು ಕುದುರೆಗೆ ಅದು 'ನಿಲ್ಲು' ಎಂದಲ್ಲ, 'ಹೋಗು' ಎಂದು ಕೇಳಿಸುತ್ತದೆ. ಏಳನೇ ತರಗತಿಯಲ್ಲಿ ಮುಂದಿನ ಕುದುರೆ ತಟ್ಟನೆ ನಿಂತಿತು. ನಾನು ಎಳೆದೆ. ನನ್ನದು ನಿಲ್ಲದೆ ಪಕ್ಕಕ್ಕೆ ನುಗ್ಗಿತು. ನಾನು ಎಡಭುಜದ ಮೇಲೆ ಮರಳಿಗೆ ಬಿದ್ದೆ. ಮೂಳೆಗೆ ಏನೂ ಆಗಲಿಲ್ಲ. ಮೂರು ವಾರ ತಲೆ ಬಾಚಲು ಕೈ ಮೇಲೆ ಎತ್ತಲಾಗಲಿಲ್ಲ.

ಆ ಮೂರು ವಾರ ಬಿಟ್ಟಿದ್ದರಿಂದಲೇ ಎರಡನೇ ಜಾಗ ಹುಡುಕಿದೆ. ದೊಡ್ಡಬಳ್ಳಾಪುರದ ಕಡೆ ಒಂದು ಪುಟ್ಟ ಲಾಯ. ಐದೇ ಕುದುರೆ. ಪಾಠ ಮಾಡುವ ಹುಡುಗಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಅರ್ಧ ಗಂಟೆಗೆ 1,400 ರೂಪಾಯಿ. ಗುಂಪಿಗಿಂತ ಸಮಯ ಕಡಿಮೆ, ದುಡ್ಡು ಜಾಸ್ತಿ. ನನಗೂ ಮೊದಲು ದುಬಾರಿ ಅನ್ನಿಸಿತು.

"ಅಕ್ಕ, ಎಷ್ಟು ತರಗತಿ ಆಗಿದೆ?" ಎಂದು ಕೇಳಿದಳು. ಏಳು ಎಂದೆ. "ಸರಿ, ಅದನ್ನ ಮರೆತುಬಿಡಿ. ಬನ್ನಿ, ಮೊದಲು ಗೊರಸು ನೋಡೋಣ."

ಅವತ್ತು ಮೊದಲ ಅರ್ಧ ಗಂಟೆ ಕುದುರೆ ಏರಲೇ ಇಲ್ಲ. ಅದಕ್ಕೆ ಅವಳು ದುಡ್ಡೂ ತಗೊಳ್ಳಲಿಲ್ಲ. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣ ಬ್ರಷ್ ಕೊಟ್ಟು ಮೈ ಉಜ್ಜಲು ಹೇಳಿಕೊಟ್ಟರು. ಮುಂಗಾಲಿನ ಹಿಂದೆ ಕೈ ಜಾರಿಸಿ, ಮೆಲ್ಲಗೆ ಒತ್ತಿ ಕಾಲು ಎತ್ತಿಸುವುದು. ಗೊರಸಿನ ಒಳಗೆ ಸಿಕ್ಕ ಕಲ್ಲು, ಸಗಣಿ ಕೆರೆದು ತೆಗೆಯುವುದು. ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿದ ಮೇಲೆ ಎರಡು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು, ಏಕೆಂದರೆ ಮೊದಲ ಸಲ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. "ಈ ಪಟ್ಟಿ ಸಡಿಲ ಇದ್ರೆ ಜೀನಿನ ಜೊತೆ ನೀವೂ ಹೊಟ್ಟೆ ಕೆಳಗೆ ಹೋಗ್ತೀರಮ್ಮ" ಎಂದರು ಅಣ್ಣ. ದೊಡ್ಡ ಶಾಲೆಯಲ್ಲಿ ಏಳು ತರಗತಿ ಆದರೂ ನಾನು ಒಮ್ಮೆಯೂ ಆ ಪಟ್ಟಿಯನ್ನು ಮುಟ್ಟಿ ನೋಡಿರಲಿಲ್ಲ.

ಕುದುರೆ ಕಾಠಿಯಾವಾಡಿ ಹೆಣ್ಣು. ಸೌರಾಷ್ಟ್ರದ ತಳಿ. ಕಿವಿಗಳ ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗುತ್ತವೆ, ಕುಂಕುಮದ ಬಟ್ಟಲಿನ ಅಂಚಿನಂತೆ. ಎತ್ತರ ಹದಿನಾಲ್ಕೂವರೆ ಕೈ. ರೇಸ್ ಕುದುರೆಗಿಂತ ಆರು ಇಂಚು ಕಡಿಮೆ ಅಷ್ಟೇ. ಆದರೆ ಹೊಸಬರ ಎದೆಬಡಿತಕ್ಕೆ ಆ ಆರು ಇಂಚು ದೊಡ್ಡದು.

ಆಮೇಲೆ ಹಗ್ಗ. ಇದಕ್ಕೆ ಲಂಜಿಂಗ್ ಎನ್ನುತ್ತಾರೆ. ಪಾಠ ಮಾಡುವವರು ವೃತ್ತದ ನಡುವೆ ನಿಂತು ಏಳೆಂಟು ಮೀಟರ್ ಉದ್ದದ ಹಗ್ಗ ಹಿಡಿದಿರುತ್ತಾರೆ. ಕುದುರೆ ಸುತ್ತ ಹೋಗುತ್ತದೆ. ವೇಗ, ನಿಲ್ಲಿಸುವುದು, ತಿರುಗಿಸುವುದು ಎಲ್ಲ ಅವರ ಕೆಲಸ. ನಮ್ಮ ಕೆಲಸ ಒಂದೇ, ಕೂರುವುದು. ಲಗಾಮನ್ನು ಕುದುರೆಯ ಕುತ್ತಿಗೆ ಮೇಲೆ ಗಂಟು ಹಾಕಿಬಿಟ್ಟಳು. ಎರಡೂ ಕೈ ರೆಕ್ಕೆಯಂತೆ ಚಾಚಬೇಕು. ಬಲಗೈಯಿಂದ ಎಡಗಾಲಿನ ಬೆರಳು ಮುಟ್ಟಬೇಕು. ಕಣ್ಣು ಮುಚ್ಚಿ, ಈಗ ಯಾವ ಕಾಲು ಮುಂದೆ ಹೋಯಿತು ಎಂದು ಹೇಳಬೇಕು.

ಹಿಡಿದುಕೊಳ್ಳಲು ಏನೂ ಇಲ್ಲದಾಗ ಮೈ ತಾನೇ ದಾರಿ ಹುಡುಕುತ್ತದೆ. ಹಿಮ್ಮಡಿ ಕೆಳಗಿಳಿಯುತ್ತದೆ. ಸೊಂಟ ಸಡಿಲವಾಗುತ್ತದೆ. ನಾಲ್ಕನೇ ಪಾಠದಲ್ಲಿ ಟ್ರಾಟ್‌ನ ಟಕ್-ಟಕ್‌ಗೆ ಎದ್ದು ಕೂರುವುದು ಸುಮ್ನೆ ಬಂದುಬಿಟ್ಟಿತು. ಆರನೇ ಪಾಠದಲ್ಲಿ ರಿಕಾಪನ್ನೂ ತೆಗೆಸಿದಳು. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತಿತ್ತು. ಆದರೂ ಅವತ್ತಿನಷ್ಟು ಗಟ್ಟಿಯಾಗಿ ನಾನು ಯಾವತ್ತೂ ಕುದುರೆ ಮೇಲೆ ಕೂತಿರಲಿಲ್ಲ.

ಇದರ ಕೊರತೆಯನ್ನೂ ಹೇಳಬೇಕು. ಸುತ್ತಿ ಸುತ್ತಿ ತಲೆ ತಿರುಗುತ್ತದೆ. ಮಧ್ಯದಲ್ಲಿ ದಿಕ್ಕು ಬದಲಿಸಲೇಬೇಕು, ಇಲ್ಲದಿದ್ದರೆ ನಿಮ್ಮ ಸೊಂಟಕ್ಕೂ ಒಂದೇ ಕಡೆ ಅಭ್ಯಾಸ, ಕುದುರೆಯ ಕಾಲಿಗೂ ಒಂದೇ ಕಡೆ ಭಾರ. ಬಿಡದೆ ಸಣ್ಣ ವೃತ್ತದಲ್ಲಿ ಓಡುವುದು ಕೀಲುಗಳಿಗೆ ಕಷ್ಟ. ಪಾಠ ಅರ್ಧ ಗಂಟೆ ಮೀರದಿರುವುದು ಅದಕ್ಕೇ. ದಾರಿ ತೋರಿಸಿ ನಡೆಸುವುದನ್ನು ಹಗ್ಗ ಕಲಿಸುವುದಿಲ್ಲ. ಬೇರೆ ಕುದುರೆಗಳ ನಡುವೆ ಹೇಗಿರಬೇಕು ಎನ್ನುವುದಂತೂ ಇಲ್ಲವೇ ಇಲ್ಲ.

ಹತ್ತು ಪಾಠ ಮುಗಿಸಿ ಮತ್ತೆ ಅದೇ ದೊಡ್ಡ ಶಾಲೆಗೆ ಹೋದೆ. ಅದೇ ಕುದುರೆ ಬೇಕು ಎಂದು ಕೇಳಿ ತಗೊಂಡೆ. ಮೇಷ್ಟ್ರು ಅನುಮಾನದಿಂದ ನೋಡಿದರು. ಟ್ರಾಟ್ ಶುರುವಾಯಿತು. ನನ್ನ ಕೈ ಅದರ ಪಾಡಿಗೆ ಅದು ಇತ್ತು, ಮೈ ಎದ್ದು ಕೂರುತ್ತಿತ್ತು. ಅರ್ಧ ಸುತ್ತು ಹೋಗುವಷ್ಟರಲ್ಲಿ ಕುದುರೆ ಕುತ್ತಿಗೆ ಇಳಿಸಿತು. ಮೂಗಿನಿಂದ ಉದ್ದ ಉಸಿರು ಬಿಟ್ಟಿತು. 45 ನಿಮಿಷದಲ್ಲಿ ಒಂದೇ ಒಂದು ಸಲವೂ ತಲೆ ಒದರಲಿಲ್ಲ. ಇಳಿದ ಮೇಲೆ ಅದರ ಕುತ್ತಿಗೆಗೆ ಕೆನ್ನೆ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಜಾಗ ಅದೇ, ಕುದುರೆ ಅದೇ, ಮೇಷ್ಟ್ರೂ ಅವರೇ. ಬದಲಾಗಿದ್ದು ನಾನು ಕೂರುವ ರೀತಿ ಮಾತ್ರ.

ಈಗ ಗುಂಪಿನ ಗುಣಗಳು ನನಗೆ ಕಾಣುತ್ತಿವೆ. ಮುಂದಿನ ಕುದುರೆಯಿಂದ ಒಂದು ಕುದುರೆಯಷ್ಟು ದೂರ ಕಾಯುವುದು, ಎದುರು ಬಂದವರಿಗೆ ಎಡಭುಜಕ್ಕೆ ಎಡಭುಜ ಬರುವಂತೆ ದಾರಿ ಬಿಡುವುದು ಅಲ್ಲೇ ಬರುತ್ತದೆ. ವಾರಕ್ಕೊಂದು ಬೇರೆ ಕುದುರೆ ಸಿಗುತ್ತದೆ. ಪಕ್ಕದವರ ತಪ್ಪು ನೋಡಿಯೂ ಕಲಿಯುತ್ತೇವೆ. ಹತ್ತು ವರ್ಷದ ಮಕ್ಕಳು ಹೆದರದೆ ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರಾದ ಓಟ, ಮಾಡುವುದನ್ನು ನೋಡಿದರೆ ನಮಗೂ ಧೈರ್ಯ. ಲೆಕ್ಕ ಹಾಕಿದರೆ, ಮೊದಲ ಏಳು ತರಗತಿಗೆ ಕೊಟ್ಟ 7,000 ರೂಪಾಯಿಯಲ್ಲಿ ಹಗ್ಗದ ಐದು ಪಾಠ ಆಗುತ್ತಿತ್ತು. ನಾಲ್ಕನೆಯದರಲ್ಲೇ ನನಗೆ ಟ್ರಾಟ್ ಬಂದಿತ್ತಲ್ಲ! ಮಕ್ಕಳ ವಿಷಯಕ್ಕೆ ನಾನು ಇಷ್ಟು ಖಂಡಿತವಾಗಿ ಹೇಳುವುದಿಲ್ಲ. ಅವರ ಮೈ ಹಗುರ, ಭಯ ಕಡಿಮೆ, ಗುಂಪಿನಲ್ಲೂ ಬೇಗ ಹಿಡಿಯುತ್ತಾರೆ. ನಾನು ಹೇಳುತ್ತಿರುವುದು ಮೂವತ್ತು ದಾಟಿದ ನಮ್ಮಂಥವರಿಗೆ.

ಬಟ್ಟೆಗೆ ಜಾಸ್ತಿ ಖರ್ಚು ಬೇಡ. ಸವಾರಿಗೆಂದೇ ಮಾಡಿದ ಹೆಲ್ಮೆಟ್ ಮಾತ್ರ ತಗೊಳ್ಳಿ, ಬೈಕಿನದು ಸಾಲದು. ಶೂಗೆ ಸಣ್ಣ ಹಿಮ್ಮಡಿ ಇರಲೇಬೇಕು. ಇಲ್ಲದಿದ್ದರೆ ಬಿದ್ದಾಗ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಕುದುರೆ ಎಳೆದುಕೊಂಡು ಹೋಗುತ್ತದೆ. ಜೀನ್ಸ್‌ನ ಒಳಹೊಲಿಗೆ ತೊಡೆ ಸುಲಿಯುತ್ತದೆ. ಮೆತ್ತನೆ ಬಿಗಿ ಪ್ಯಾಂಟ್ ಸಾಕು.

ಯಾವ ಜಾಗಕ್ಕೆ ಸೇರುವ ಮೊದಲೂ ಒಂದು ಬೆಳಿಗ್ಗೆ ಸುಮ್ನೆ ಹೋಗಿ ನೋಡಿ. ಜೀನು ತೆಗೆದ ಕುದುರೆಯ ಭುಜದ ಮೇಲ್ಭಾಗ ಗಮನಿಸಿ. ಕಂದು ಮೈ ಮೇಲೆ ಅಲ್ಲಿ ಮಾತ್ರ ಬಿಳಿ ಕೂದಲ ಮಚ್ಚೆ ಇದ್ದರೆ, ಸರಿಹೊಂದದ ಜೀನು ಯಾವತ್ತೋ ಆ ಜಾಗವನ್ನು ಒತ್ತಿ ಗಾಯ ಮಾಡಿದೆ ಎಂದು ಅರ್ಥ. ಒಂದು ಕುದುರೆಗಿದ್ದರೆ ಹಳೆಯ ಜಾಗದಿಂದ ಬಂದಿರಬಹುದು. ಎಲ್ಲಕ್ಕೂ ಇದ್ದರೆ ವಾಪಸ್ ಬನ್ನಿ. ದಿನಕ್ಕೆ ಒಂದು ಕುದುರೆ ಎಷ್ಟು ತರಗತಿ ಮಾಡುತ್ತದೆ ಎಂದು ಕೇಳಿ. ಲಂಜಿಂಗ್ ಪಾಠ ಇದೆಯಾ ಎಂದೂ ಕೇಳಿ. "ಅದೆಲ್ಲಾ ಯಾಕೆ, ಮೊದಲ ದಿನವೇ ಓಡಿಸ್ತೀವಿ" ಎಂದರೆ ನನ್ನ ಎಡಭುಜವನ್ನು ನೆನಪಿಸಿಕೊಳ್ಳಿ.

ನಾನೀಗ ಶನಿವಾರ ಗುಂಪಿಗೆ, ತಿಂಗಳಿಗೆ ಎರಡು ಭಾನುವಾರ ಹಗ್ಗಕ್ಕೆ ಹೋಗುತ್ತಿದ್ದೇನೆ. ಈ ಭಾನುವಾರ ಹಗ್ಗದ ಮೇಲೆ ಮೊದಲ ಸಲ ಕ್ಯಾಂಟರ್. ಸೈಸ್ ಅಣ್ಣ ಹುರುಳಿ ಬೇಯಿಸುವುದು ಎಂಟು ಗಂಟೆಗೆ. ಅದಕ್ಕೆ ಮೊದಲೇ ಬರಬೇಕು ಎಂದಿದ್ದಾರೆ. ವಾಸನೆ ಬಂತೆಂದರೆ ನಮ್ಮ ಕಾಠಿಯಾವಾಡಿ ಗೇಟಿನ ಕಡೆ ಮುಖ ತಿರುಗಿಸಿ ನಿಂತುಬಿಡುತ್ತಾಳೆ.