ಮಕ್ಕಳ ಗೊರಕೆಗೆ ಬಾಯಿ ಪಟ್ಟಿ ಮಾರುವವರು ಬಂದರೆ ಕೊಳ್ಳಬೇಡಿ

ಹಾಸನ, ಸಕಲೇಶಪುರ ಕಡೆಯ ತಂದೆತಾಯಂದಿರು ದಯವಿಟ್ಟು ಓದಿ. ಗೊರಕೆ ನಿಲ್ಲಿಸುತ್ತೇವೆ ಅಂತ ಕಲ್ಯಾಣ ಮಂಟಪದಲ್ಲಿ 'ಉಚಿತ ಶಿಬಿರ' ಮಾಡುವವರ ಹತ್ತಿರ ಮಕ್ಕಳಿಗೆ ಏನನ್ನೂ ಕೊಳ್ಳಬೇಡಿ.

ನಮ್ಮ ಮಗ ಮೂರನೇ ಕ್ಲಾಸು. ನೆಗಡಿ ಇದ್ದಾಗ ಮಾತ್ರ ಅಲ್ಲ, ದಿನಾ ರಾತ್ರಿ ಗೊರಕೆ. ಬಾಯಿ ತೆರೆದೇ ಮಲಗುತ್ತಿದ್ದ, ಬೆವರಿಗೆ ದಿಂಬೆಲ್ಲ ಒದ್ದೆ. ಶಾಲೆಯಿಂದ "ಕೂತ ಕಡೆ ಕೂರಲ್ಲ" ಅಂತ ದೂರು. ನಮ್ಮತ್ತೆ ಮಾತ್ರ "ಅವರಪ್ಪನ ಹಾಗೇ, ಒಳ್ಳೆ ನಿದ್ದೆ" ಅಂತ ಖುಷಿಪಡುತ್ತಿದ್ದರು.

ಶಿಬಿರದವನು ಬಿಳಿ ಕೋಟು ಹಾಕಿದ್ದ. ಮಗನ ಗಂಟಲನ್ನು ನೋಡಲೂ ಇಲ್ಲ. "ಬಾಯಿ ಮುಚ್ಚಿದರೆ ಮೂಗು ತಾನಾಗಿ ತೆರೆಯುತ್ತೆ" ಅಂದು ತುಟಿಗೆ ಅಂಟಿಸುವ ಪಟ್ಟಿ, ಮಲಗುವ ಮುಂಚೆ ಕುಡಿಸುವ ಒಂದು ಸಿರಪ್ ಕೊಟ್ಟ. ಬಾಟಲಿಯಲ್ಲಿ ಏನಿದೆ ಅಂತ ಎಲ್ಲೂ ಬರೆದಿರಲಿಲ್ಲ. ಬಿಲ್ ಕೇಳಿದರೆ ಬರೀ ಚೀಟಿ.

ಆ ರಾತ್ರಿ ಗೊರಕೆ ನಿಂತಿತು ನಿಜ. ಉಸಿರೂ ನಿಂತು ನಿಂತು ಬರುತ್ತಿತ್ತು! ಪಕ್ಕೆ ಒಳಕ್ಕೆ ಎಳೆಯುತ್ತಿದೆ, ಸದ್ದೇ ಇಲ್ಲ. ಆಮೇಲೆ ಬೆಚ್ಚಿಬಿದ್ದು ಕೈಕಾಲು ಬಡಿದ. ಪಟ್ಟಿ ಕಿತ್ತಾಗ ತುಟಿಯ ಚರ್ಮವೂ ಜೊತೆಗೇ ಬಂತು.

ಬೆಳಿಗ್ಗೆಯೇ ಇಎನ್‌ಟಿ (ಕಿವಿ, ಮೂಗು, ಗಂಟಲಿನ) ಡಾಕ್ಟರ ಹತ್ತಿರ ಓಡಿದೆವು. ಎಕ್ಸ್‌ರೇ ತೆಗೆಸಿದರೆ ಮೂಗಿನ ಹಿಂದಿನ ಅಡಿನಾಯ್ಡ್ ಅನ್ನೋ ಮೆತ್ತನೆ ಗಡ್ಡೆ ಊದಿ ದಾರಿಯನ್ನೇ ಮುಚ್ಚಿತ್ತು. ಟಾನ್ಸಿಲ್ಲೂ ದಪ್ಪ. ಮಗುವಿಗೆ ಉಳಿದಿದ್ದೇ ಬಾಯಿ, ಅದನ್ನೂ ಮುಚ್ಚಿಸಿದ್ದ ಆ ಪುಣ್ಯಾತ್ಮ. 2ರಿಂದ 8 ವರ್ಷದ ಮಕ್ಕಳಲ್ಲಿ ಇದು ಜಾಸ್ತಿಯಂತೆ. ಉಸಿರಿನ ದಾರಿ ಇನ್ನೂ ಸಣ್ಣದು, ಟಾನ್ಸಿಲ್, ಅಡಿನಾಯ್ಡ್ ಆ ವಯಸ್ಸಿಗೆ ದೊಡ್ಡವು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲ ಆಗುತ್ತೆ, ನಿದ್ದೆ ಬರಿಸುವ ಔಷಧಿ ಕುಡಿಸಿದರೆ ಇನ್ನಷ್ಟು ಸಡಿಲ.

ಶಾಲೆಯ ದೂರಿಗೂ ಉತ್ತರ ಅಲ್ಲೇ ಸಿಕ್ಕಿತು. ನಿದ್ದೆ ಕೆಟ್ಟರೆ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಎಷ್ಟೋ ಸಲ ಚಡಪಡಿಸುತ್ತಾರೆ, ಸಿಡುಕುತ್ತಾರೆ, ಪಾಠದಲ್ಲಿ ಹಿಂದೆ ಬೀಳುತ್ತಾರೆ. ಕೆಲವು ಮಕ್ಕಳು ಆ ವಯಸ್ಸು ದಾಟಿದ ಮೇಲೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಇಂಥ ಮಕ್ಕಳಿಗೆ ಸುಮ್ನೆ ಬೈದರೆ ಏನು ಬಂತು?

ತೊಂದರೆ ಕಡಿಮೆ ಇದ್ದರೆ ಡಾಕ್ಟರು ಮೂಗಿನ ಸ್ಪ್ರೇ ಕೊಟ್ಟು ನೋಡುತ್ತಾರೆ. ನಮ್ಮವನಿಗೆ ಟಾನ್ಸಿಲ್, ಅಡಿನಾಯ್ಡ್ ಎರಡನ್ನೂ ತೆಗೆಸಬೇಕಾಯಿತು. ಈಗ ಬಾಯಿ ಮುಚ್ಚಿ ಮಲಗುತ್ತಾನೆ, ಪಟ್ಟಿ ಇಲ್ಲದೆ.

ವಾರದಲ್ಲಿ ಹೆಚ್ಚಿನ ರಾತ್ರಿ ಗೊರಕೆ ಇದ್ದರೆ, ನಡುವೆ ಉಸಿರು ನಿಂತು ಏದುಸಿರು ಬಿಟ್ಟರೆ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಹಗಲಲ್ಲಿ ಡಾಕ್ಟರ ಮುಂದೆ ಮಗು ಚೆನ್ನಾಗೇ ಇರುತ್ತೆ, ಅಲ್ವಾ. ಹಾಸನದ ಸರ್ಕಾರಿ ಹಿಮ್ಸ್ ಆಸ್ಪತ್ರೆಯಲ್ಲೂ ಇಎನ್‌ಟಿ ವಿಭಾಗ ಇದೆ.

ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅರಸೀಕೆರೆಯಲ್ಲಿರುವ ನನ್ನ ತಂಗಿ ಮೊನ್ನೆ ಒಂದು ಕರಪತ್ರದ ಫೋಟೋ ಕಳಿಸಿದಳು. ಶಿಬಿರದ ಹೆಸರು ಬೇರೆ, ಪಟ್ಟಿಯ ಡಬ್ಬಿ ಮಾತ್ರ ಅದೇ.