ಹಳೆಯ ಪಿಪಿಎಫ್ ಸುಲಿಯುವ ನಾಲ್ಕು ದಾರಿ, ಒಂದೇ ಬಾನೆಟ್ಟಿನ ಮೇಲೆ

ಸೆಕೆಂಡ್ ಹ್ಯಾಂಡ್ ಕಾರನ್ನು ಸಂಜೆ ಹೊತ್ತು ನೋಡಿ ಕೊಳ್ಳಬಾರದು. ನಾನು ಕೊಂಡದ್ದು ಸಂಜೆ ಆರೂವರೆಗೆ. ಮರುದಿನ ಮೈಸೂರಿನ ಬೆಳಗಿನ ಬಿಸಿಲು ಬಿದ್ದಾಗಲೇ ಗೊತ್ತಾದದ್ದು, ಬಿಳಿ ಕಾರು ಅಲ್ಲಲ್ಲಿ ಹಳೆಯ ಪಿಯಾನೋ ಕೀಗಳ ಹಾಗೆ ಹಳದಿಗಟ್ಟಿದೆ ಎಂದು. ಬಾನೆಟ್, ಮುಂದಿನ ಬಂಪರ್, ಎರಡೂ ಫೆಂಡರ್, ಬಾಗಿಲುಗಳ ಕೆಳಭಾಗ. ಬಾನೆಟ್ಟಿನ ಅಂಚನ್ನು ಉಗುರಿನಿಂದ ಕೆರೆದರೆ ಪಾರದರ್ಶಕ ಸಿಪ್ಪೆಯೊಂದು ಎದ್ದಿತು. ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ. "ಹೌದು, ಪಿಪಿಎಫ್ ಹಾಕಿಸಿದ್ದೆ, ಏಳು ವರ್ಷವಾಯಿತು" ಎಂದರು, ಹೆಮ್ಮೆಯಿಂದಲೇ.

ಪಿಪಿಎಫ್ ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಕಾರಿನ ಬಣ್ಣ ಕಾಪಾಡಲು ಅಂಟಿಸುವ ಪಾರದರ್ಶಕ ಹಾಳೆ. ಈ ವಸ್ತುವಿನ ಮೂಲ ಕಾರಿನದ್ದಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳ ಅಂಚು ಮರಳಿಗೂ ಚೂರುಗಳಿಗೂ ಸವೆಯದಿರಲಿ ಎಂದು ಅಂಟಿಸುತ್ತಿದ್ದ ಪಾಲಿಯುರೆಥೇನ್ ಹಾಳೆಯ ಮೊಮ್ಮಗ ಇದು. ಇಂದಿನ ಒಳ್ಳೆಯ ಫಿಲ್ಮ್ 150ರಿಂದ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಇರುತ್ತದೆ. ಅದರ ಅಡಿಯಲ್ಲಿರುವ ಕಾರ್ಖಾನೆಯ ಪೇಂಟ್, ಅಡಿಯ ಪ್ರೈಮರಿನಿಂದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟಿನವರೆಗೆ ಎಲ್ಲ ಸೇರಿ, ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು. ಅಂದರೆ ನಾವು ಸುಲಿಯಹೊರಟಿರುವ ಹೊದಿಕೆ ಅದು ಹೊದ್ದಿಸಿರುವ ಬಣ್ಣಕ್ಕಿಂತ ದಪ್ಪ. ಈ ಲೆಕ್ಕ ತಲೆಯಲ್ಲಿ ಕೂತರೆ ಕೈ ತಾನಾಗಿ ನಿಧಾನವಾಗುತ್ತದೆ. ನನ್ನ ತಲೆಯಲ್ಲಿ ಅದು ಕೂತದ್ದು ಸ್ವಲ್ಪ ತಡವಾಗಿ.

ಹೊರಗೆ ಕೊಡೋಣವೆಂದು ಎರಡು ಕಡೆ ವಿಚಾರಿಸಿದೆ. ಒಬ್ಬರು ಹೇಳಿದ ದರ ಇನ್ನೊಬ್ಬರ ದರದ ಇಮ್ಮಡಿ ಇತ್ತು. ಆದರೆ ಒಂದು ಮಾತನ್ನು ಇಬ್ಬರೂ ಒಂದೇ ಧಾಟಿಯಲ್ಲಿ ಹೇಳಿದರು: "ಸಾರ್, ಬಣ್ಣ ಎದ್ದು ಬಂದರೆ ನಮ್ಮ ಜವಾಬ್ದಾರಿ ಇಲ್ಲ." ಜವಾಬ್ದಾರಿ ಹೇಗೂ ನನ್ನದೇ ಆದರೆ ಕೆಲಸವನ್ನೂ ನಾನೇ ಏಕೆ ಮಾಡಬಾರದು ಎನಿಸಿತು. ಆ ಇಬ್ಬರಲ್ಲಿ ಕಡಿಮೆ ದರದವರಿಗೆ ಬಾಗಿಲುಗಳನ್ನು ಮಾತ್ರ ಒಪ್ಪಿಸಿದೆ. ಅದರ ಕಥೆ ಆಮೇಲೆ.

ಬಾನೆಟ್ಟನ್ನು ಮಾಸ್ಕಿಂಗ್ ಟೇಪಿನಿಂದ ನಾಲ್ಕು ಪಾಲು ಮಾಡಿದೆ. ಒಂದೇ ಫಿಲ್ಮ್, ಒಂದೇ ವಯಸ್ಸು, ಒಂದೇ ಬಿಸಿಲು ತಿಂದದ್ದು. ಹೋಲಿಸುವುದಕ್ಕೆ ಇದಕ್ಕಿಂತ ನ್ಯಾಯವಾದ ಅಂಕಣ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ಅಲಮಾರಿಯಲ್ಲಿ ಬಿದ್ದಿತ್ತು. ಅದರಲ್ಲಿ ಮೈಯ ಬಿಸಿ ಬಿಟ್ಟು ವಸ್ತುಗಳ ಬಿಸಿ ತೋರಿಸುವ ಗುಂಡಿಯೂ ಇದೆಯೆಂದು ಆ ದಿನವೇ ಕಂಡುಕೊಂಡದ್ದು. ಫಿಲ್ಮಿನ ಅಂಟು ಅಕ್ರಿಲಿಕ್ ಜಾತಿಯದು. ಬಿಸಿ 60–70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಮೆತ್ತಗಾಗಿ ಹಿಡಿತ ಬಿಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಫಿಲ್ಮ್ ಹರಿದು ಚೂರಾಗುತ್ತದೆ. ತೀರ ಹೆಚ್ಚಾದರೆ ಫಿಲ್ಮ್ ರಬ್ಬರಿನಂತೆ ಹಿಗ್ಗಿ, ಅಂಟನ್ನು ಕಾರಿಗೇ ಬಿಟ್ಟು ತಾನೊಬ್ಬನೇ ಎದ್ದು ಬರುತ್ತದೆ.

ಮೊದಲ ಪಾಲು ಬಿಸಿಲಿಗೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದು ಗಂಟೆ, ಖರ್ಚಿಲ್ಲದ ದಾರಿ. ಬಿಳಿ ಬಣ್ಣವಾದ್ದರಿಂದ ಬಾನೆಟ್ 50 ಡಿಗ್ರಿಯ ಹತ್ತಿರವೇ ನಿಂತಿತು. ಕಪ್ಪು ಕಾರಾಗಿದ್ದರೆ ಇನ್ನಷ್ಟು ಏರುತ್ತಿತ್ತು. ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮೇಲೆ ಹಾಸಿ, ಆರಿದ ಹಾಗೆಲ್ಲ ಬದಲಿಸಿದೆ. ಅಂಚು ಸುಲಭವಾಗಿಯೇ ಎದ್ದಿತು. ಒಂದು ಗೇಣು ಬಂದ ಮೇಲೆ ಟವೆಲ್ ಆರಿತು, ಫಿಲ್ಮ್ ಪಟ್ಟನೆ ಹರಿಯಿತು. ಮತ್ತೆ ಟವೆಲ್, ಮತ್ತೆ ಅಂಚು ಎಬ್ಬಿಸುವುದು, ಮತ್ತೆ ಹರಿಯುವುದು. ಒಂದೂವರೆ ಗಂಟೆಯ ಕೊನೆಗೆ ನೆಲದ ಮೇಲೆ ಹಪ್ಪಳದ ಚೂರುಗಳಂತೆ ಫಿಲ್ಮ್, ಬಾನೆಟ್ಟಿನ ಮೇಲೆ ಅಂಗೈ ಅಗಲದ ಅಂಟಿನ ಮಚ್ಚೆಗಳು. ಬಿಸಿಲು ಒಳ್ಳೆಯ ಸಹಾಯಕ, ಒಬ್ಬಂಟಿ ಕೆಲಸಗಾರನಲ್ಲ.

ಎರಡನೆಯ ಪಾಲಿಗೆ ಮನೆಯ ಹೇರ್ ಡ್ರೈಯರ್, 1200 ವ್ಯಾಟಿನದು. ತಗಡು ಬಿಸಿಯನ್ನು ಸುತ್ತಲೂ ಹಂಚಿಬಿಡುತ್ತದೆ, ಹಾಗಾಗಿ ಒಂದೊಂದು ಅಂಗೈ ಅಗಲಕ್ಕೂ ಎರಡು ಮೂರು ನಿಮಿಷ ಹಿಡಿಯಬೇಕಾಯಿತು. ಆದರೂ ಬಿಸಿಲಿನ ಆಸರೆ ಇದ್ದುದರಿಂದ ಮೀಟರ್ 60 ದಾಟಿತು. ಫಿಲ್ಮ್ ಮೂರೇ ತುಂಡಾಗಿ ಬಂತು. ಸುಮಾರು ಮುಕ್ಕಾಲು ಗಂಟೆ, ಬಲಗೈ ಸೋತು ಹೋಯಿತು, ಡ್ರೈಯರ್ ಒಮ್ಮೆ ತಾನಾಗಿ ನಿಂತು ದಣಿವಾರಿಸಿಕೊಂಡಿತು. ಇದರ ದೊಡ್ಡ ಗುಣವೆಂದರೆ ಇದರಿಂದ ತಪ್ಪು ಮಾಡುವುದೇ ಕಷ್ಟ. ಗಮನ ಆಚೀಚೆ ಹೋದರೂ ಬಣ್ಣ ಸುಡುವಷ್ಟು ತಾಕತ್ತು ಅದಕ್ಕಿಲ್ಲ.

ಮೂರನೆಯ ಪಾಲಿಗೆ ಬಂದ ಹೀಟ್ ಗನ್ನಿಗೆ ಆ ತಾಕತ್ತು ಬೇಕಾದಷ್ಟಿದೆ. ಗೆಳೆಯನಿಂದ ತಂದ 2000 ವ್ಯಾಟಿನ ಗನ್. ಅದರ ಕೆಳಗಿನ ಮಟ್ಟದಲ್ಲೇ ಹೊರಡುವ ಗಾಳಿ 300 ಡಿಗ್ರಿ ಮೀರಿರುತ್ತದೆ. ಒಂದಡಿ ದೂರದಿಂದ, ಇಸ್ತ್ರಿ ಮಾಡುವ ಹಾಗೆ ಕೈ ಆಡಿಸುತ್ತಲೇ ಇದ್ದರೆ ಕೆಲಸ ನಿಜವಾಗಿಯೂ ಸೊಗಸು. ಹತ್ತು ನಿಮಿಷಕ್ಕೆ ಅರ್ಧ ಪಾಲು ಮುಗಿಯಿತು, ನನಗೆ ಜಂಬ ಬಂತು. ಅಷ್ಟರಲ್ಲಿ ಗೇಟಿನ ಬಳಿ ಕೊರಿಯರ್ ಹುಡುಗ ಕೂಗಿದ, ನಾನು ತಿರುಗಿ ನೋಡಿದೆ, ಕೈ ನಿಂತಿತು. ತಿರುಗಿ ಬರುವಷ್ಟರಲ್ಲಿ ಫಿಲ್ಮಿನಲ್ಲಿ ಗುಳ್ಳೆಗಳು, ಮೀಟರಿನಲ್ಲಿ 96. ಎಳೆದರೆ ಫಿಲ್ಮ್ ಬೆಲ್ಲದ ಪಾಕದ ಎಳೆಯ ಹಾಗೆ ಉದ್ದವಾಯಿತು. ಅಂಟೆಲ್ಲ ಅಲ್ಲೇ ಉಳಿದು ಕಂದು ಬಣ್ಣಕ್ಕೆ ತಿರುಗಿತು. ಬಣ್ಣಕ್ಕೆ ಏನೂ ಆಗಲಿಲ್ಲ, ಅದೃಷ್ಟ. ಕಾರ್ಖಾನೆಯಲ್ಲಿ ಪೇಂಟನ್ನು 140 ಡಿಗ್ರಿಯ ಸುತ್ತ ಬೇಯಿಸಿರುತ್ತಾರಲ್ಲ, 96ಕ್ಕೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಅಲ್ಲಿ ಬೇಯುವಾಗ ಬರಿಯ ತಗಡು ಇರುತ್ತದೆ. ಇಲ್ಲಿ ಪಕ್ಕದಲ್ಲಿ ರಬ್ಬರ್ ಇದೆ, ಲೈಟಿನ ಪ್ಲಾಸ್ಟಿಕ್ ಇದೆ, ಕೆಲವೊಮ್ಮೆ ಬಣ್ಣದ ಅಡಿಯಲ್ಲಿ ಯಾರೋ ತುಂಬಿದ ಪುಟ್ಟಿಯೂ ಇದೆ. ಬಂಪರಿಗಂತೂ ಹೀಟ್ ಗನ್ ಬೇಡವೇ ಬೇಡ. ಅದು ಪ್ಲಾಸ್ಟಿಕ್, ಮೆತ್ತಗಾಗಿ ಆಕಾರ ಕೆಟ್ಟರೆ ಮತ್ತೆ ಹಿಂದಿನಂತಾಗುವುದಿಲ್ಲ.

ನಾಲ್ಕನೆಯದು ನನಗೆ ನಂಬಿಕೆಯೇ ಇರದಿದ್ದ ಉಪಾಯ. ರೇಷ್ಮೆ ಸೀರೆಗಳ ಸುಕ್ಕು ತೆಗೆಯಲು ಹೆಂಡತಿ ಇಟ್ಟುಕೊಂಡಿದ್ದ ಬಟ್ಟೆಯ ಸ್ಟೀಮರ್. ಕೊಡುವಾಗ ಅವಳ ಮುಖ ನೋಡಬೇಕಿತ್ತು. ಆವಿ ಎಷ್ಟು ಹಾರಾಡಿದರೂ 100 ಡಿಗ್ರಿ ದಾಟುವುದಿಲ್ಲ, ಫಿಲ್ಮ್ ಮುಟ್ಟುವ ಹೊತ್ತಿಗೆ ಇನ್ನೂ ಇಳಿದಿರುತ್ತದೆ. ಮೀಟರ್ 65ರಿಂದ 70ರ ನಡುವೆ ತಾನಾಗಿ ನಿಂತಿತು. ಅಂಚು ಎತ್ತಿ ಹಿಡಿದು, ಬಿಡಿಸುತ್ತಿರುವ ಗೆರೆಗೇ ಆವಿ ಹೋಗುವಂತೆ ಮಾಡಿದೆ. ಅಂಟು ಫಿಲ್ಮಿನ ಜತೆಗೇ ಬಂತು. ಇಡೀ ಪಾಲು ಇಪ್ಪತ್ತೈದು ನಿಮಿಷಕ್ಕೆ, ಒಂದೇ ಹಾಳೆಯಾಗಿ, ಹಾಲಿನ ಕೆನೆ ಎತ್ತಿದಷ್ಟು ಸಲೀಸಾಗಿ. ಕೆಳಗೆ ಕಂಡದ್ದು ಶೋರೂಮಿನ ಬಿಳುಪು.

ಸ್ಟೀಮರಿಗೂ ಕಾಟಗಳುಂಟು. ನಮ್ಮ ಬೋರ್‌ವೆಲ್ ನೀರು ಹಾಕಿದ ಮೊದಲ ತುಂಬಿನಲ್ಲಿ ಸುಣ್ಣದ ಚುಕ್ಕೆಗಳು ಬಾನೆಟ್ಟಿನ ಮೇಲೆ ಕೂತವು; ಆಮೇಲೆ ಕುಡಿಯುವ ಆರ್‌ಒ ನೀರನ್ನೇ ಹಾಕಿದೆ. ಎಡಗೈಯ ಎರಡು ಬೆರಳು ಬೆಂದವು, ಕೈಗವಸು ಬೇಕೇ ಬೇಕು. ವೈಪರಿನ ಬುಡದ ಜಾಲರಿ, ಪಾರ್ಕಿಂಗ್ ಸೆನ್ಸರುಗಳ ಹತ್ತಿರ ಆವಿ ಬಿಡಬಾರದು. ಇಷ್ಟಾದರೂ ಬಂಪರನ್ನೂ ಬಲ ಫೆಂಡರನ್ನೂ ಸ್ಟೀಮರಿನಿಂದಲೇ ಮುಗಿಸಿದೆ; ಮೂಲೆ ಮುಡುಕುಗಳಿಗೆ ಮಾತ್ರ ಹೇರ್ ಡ್ರೈಯರ್. ಮತ್ತೆ ಯಾರಾದರೂ ನನ್ನ ಕೈಗೆ ಹೀಟ್ ಗನ್ ಕೊಟ್ಟರೆ ವಾಪಸು ಕೊಡುತ್ತೇನೆ.

ಇಷ್ಟು ಹೊತ್ತು ಬಿಸಿಯ ಮಾತಾಯಿತು. ಎಳೆಯುವ ಕೋನ ಅದಕ್ಕಿಂತ ಮುಖ್ಯ ಎಂದು ಕಲಿಸಿದ್ದು ಎಡ ಫೆಂಡರ್.

ಬಲ ಫೆಂಡರ್ ಸಲೀಸಾಗಿ ಬಂದಿದ್ದರಿಂದ ಎಡಕ್ಕೆ ಬಂದಾಗ ನನಗೆ ಅವಸರ. ಹಾಳೆಯನ್ನು ಮೈಮೇಲಿನಿಂದ ನೇರ ಹೊರಕ್ಕೆ, ಕಾರಿಗೆ ಲಂಬವಾಗಿ ಎಳೆದೆ. ಟಪ್ ಎಂದು ಸಣ್ಣ ಸದ್ದು. ಸುಲಿದ ಫಿಲ್ಮಿನ ಒಳಮೈಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಬಿಳಿ ಬಿಲ್ಲೆ. ಫೆಂಡರಿನಲ್ಲಿ ಅದೇ ಆಕಾರದ ಬೂದು ಗುಳಿ. ಬೆರಳಿನಿಂದ ಮುಟ್ಟಿದರೆ ಅಂಚು ಮೆಟ್ಟಿಲಿನಂತೆ ತಾಗುತ್ತಿತ್ತು. ಬಡಾವಣೆಯ ಟಿಂಕರಿಂಗ್ ಅಂಗಡಿಯವರನ್ನು ಕರೆದು ತೋರಿಸಿದೆ. ಅವರು ಗುಳಿಯನ್ನು ನೋಡಲೇ ಇಲ್ಲ. ಬಟ್ಟೆಯ ತುದಿಗೆ ಥಿನ್ನರ್ ಮುಟ್ಟಿಸಿ, ಫೆಂಡರಿನ ಒಳಮಡಿಕೆಯಲ್ಲಿ ಕಾಣದ ಜಾಗದಲ್ಲಿ ಒಂದು ಸಲ ಉಜ್ಜಿ, ಬಟ್ಟೆಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಬಟ್ಟೆ ಬೆಳ್ಳಗಾಗಿತ್ತು. "ಕಂಪನಿ ಪೇಂಟ್ ಹೀಗೆ ಕರಗುವುದಿಲ್ಲ ಸಾರ್. ಇದು ಆಮೇಲೆ ಹೊಡೆದದ್ದು." ಅವರ ಬಳಿ ಪೇಂಟಿನ ದಪ್ಪ ಅಳೆಯುವ ಮೀಟರೂ ಇತ್ತು. ಬಾನೆಟ್ಟಿನ ಮೇಲೆ 108 ಮೈಕ್ರಾನ್, ಬಲ ಫೆಂಡರಿನ ಮೇಲೆ 112, ಎಡದಲ್ಲಿ ಫಿಲ್ಮ್ ಸುಲಿದ ಜಾಗಕ್ಕೆ ಇಟ್ಟರೆ 290. ಎಲ್ಲೋ ತಾಗಿಸಿ, ಪುಟ್ಟಿ ತುಂಬಿ, ಬಣ್ಣ ಹೊಡೆಸಿ, ಅದರ ಮೇಲೆ ಪಿಪಿಎಫ್ ಹಾಕಿಸಿದ್ದಾರೆ. ಹಿಂದಿನ ಮಾಲೀಕರ ಹೆಮ್ಮೆಯ ಧ್ವನಿ ಈಗ ಬೇರೆ ಥರ ಕೇಳಿಸಿತು.

ಅಂದಿನಿಂದ ನಾನು ಅನುಸರಿಸುವ ರೀತಿ ಹೀಗಿದೆ. ಸುಲಿದ ಭಾಗವನ್ನು ಅದರ ಮೇಲಕ್ಕೇ ಮಡಚಿ, ಕಾರಿನ ಮೈಗೆ ಸಮಾನಾಂತರವಾಗಿ ಹಿಂದಕ್ಕೆ ಎಳೆಯುವುದು. ಆಗ ಒತ್ತಡವೆಲ್ಲ ಫಿಲ್ಮಿನ ಮಡಿಕೆಯ ಮೇಲೆ ಬೀಳುತ್ತದೆ, ಬಣ್ಣವನ್ನು ಮೇಲಕ್ಕೆತ್ತುವ ಬಲ ಕಡಿಮೆಯಾಗುತ್ತದೆ. ಗಡಿಯಾರದ ಸೆಕೆಂಡ್ ಮುಳ್ಳಿನ ಒಂದೊಂದು ಹೆಜ್ಜೆಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಬಿಗಿ ಎನಿಸಿದರೆ ಎಳೆಯುವುದು ನಿಲ್ಲಿಸಿ ಮತ್ತೆ ಆವಿ. ಮತ್ತು ಎಲ್ಲಕ್ಕಿಂತ ಮೊದಲು, ದಪ್ಪ ಅಳೆಯುವ ಮೀಟರ್ ಇರುವವರನ್ನು ಕರೆದು ತಗಡಿನ ಒಂದೊಂದು ಭಾಗವನ್ನೂ ಅಳೆಸುವುದು. ಐದು ನಿಮಿಷದ ಕೆಲಸ. ನಾನು ಅದನ್ನು ಕೊನೆಗೆ ಮಾಡಿದೆ.

ಉಳಿದ ಅಂಟಿಗೆ ಇನ್ನೊಂದು ಪೈಪೋಟಿ ನಡೆಯಿತು. ಬಾನೆಟ್ಟಿನ ಬಿಸಿಲು ಪಾಲಿನಲ್ಲಿ ಮಚ್ಚೆಗಳು ಬೇಕಾದಷ್ಟಿದ್ದವು. ಅಂಗಡಿಯ ಕಿತ್ತಳೆ ಸಿಪ್ಪೆಯ ಎಣ್ಣೆಯ ದ್ರಾವಣ ಐದು ನಿಮಿಷಕ್ಕೆ ಅಂಟನ್ನು ಜೆಲ್ಲಿಯಾಗಿಸಿತು, ಬೆಲೆ ಮಾತ್ರ ಕೈ ಕಚ್ಚಿತು. ಐಸೊಪ್ರೊಪೈಲ್ ಆಲ್ಕೊಹಾಲ್ ದಪ್ಪ ಅಂಟಿನ ಮುಂದೆ ಸೋತಿತು. ಕೆಲಸ ಮಾಡುವ ಮುನ್ನವೇ ಆರಿ ಹೋಗುತ್ತದೆ. ಆದರೆ ಕೊನೆಯಲ್ಲಿ ಜಿಡ್ಡು ಒರೆಸಲು ಅದಕ್ಕಿಂತ ಒಳ್ಳೆಯದಿಲ್ಲ. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಅಜ್ಜಿಯ ಮನೆಯ ಹಳೆಯ ಡಬ್ಬಿಯಿಂದ ಒಂದು ಲೋಟ ತಂದೆ. ಹತ್ತು ನಿಮಿಷ ನೆನೆಸಿದರೆ ಅಂಟು ಉರುಳಿ ಬಂತು, ವಾಸನೆ ಎರಡು ದಿನ ಉಳಿಯಿತು.

ನನ್ನ ಮೆಚ್ಚಿನದು ನೀಲಗಿರಿ ಎಣ್ಣೆ. ಶೀತಕ್ಕೆಂದು ತಂದಿಟ್ಟಿದ್ದ ಸಣ್ಣ ಬಾಟಲಿ. ಬಟ್ಟೆಗೆ ನಾಲ್ಕು ಹನಿ ಹಾಕಿ ಮಚ್ಚೆಯ ಮೇಲೆ ಒತ್ತಿಟ್ಟರೆ ಅಂಟು ಸೋಲೊಪ್ಪುತ್ತದೆ, ಉಜ್ಜುವ ಅಗತ್ಯವೇ ಇಲ್ಲ. ಇಡೀ ಬಾನೆಟ್ಟಿಗೆ ದುಬಾರಿಯಾದೀತು, ಸಣ್ಣ ಮಚ್ಚೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಹೆಡ್‌ಲೈಟಿನ ಪ್ಲಾಸ್ಟಿಕ್‌ಗೆ ತಾಗದಂತೆ ನೋಡಿಕೊಂಡು, ಕೂಡಲೇ ಶಾಂಪೂ ನೀರಿನಲ್ಲಿ ತೊಳೆಯಬೇಕು. ಇದನ್ನೆಲ್ಲ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ ಅಮ್ಮ, "ಹಲಸಿನ ಮೇಣಕ್ಕೆ ಹಚ್ಚುವ ಕೊಬ್ಬರಿ ಎಣ್ಣೆ ಸಾಲದೇನೋ?" ಎಂದರು. ಒಂದು ಮಚ್ಚೆಯನ್ನು ಅವರಿಗೆಂದೇ ಮೀಸಲಿಟ್ಟು ರಾತ್ರಿಯಿಡೀ ಎಣ್ಣೆ ಹಚ್ಚಿ ಬಿಟ್ಟೆ. ಬೆಳಗ್ಗೆ ಮುಕ್ಕಾಲು ಪಾಲು ಬಂದಿತ್ತು. ಅಮ್ಮ ಅದನ್ನು ನೂರಕ್ಕೆ ನೂರು ಎಂದೇ ಎಲ್ಲರಿಗೂ ಹೇಳುತ್ತಾರೆ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಈ ದ್ರವಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುವಂಥವು. ಬಿಸಿಯ ಕೆಲಸ ಪೂರ್ತಿ ಮುಗಿದು, ಪ್ಲಗ್ ಕಿತ್ತು, ತಗಡು ತಣ್ಣಗಾದ ಮೇಲೆಯೇ ಅವುಗಳ ಮುಚ್ಚಳ ತೆರೆಯಬೇಕು. ಇನ್ನು ಥಿನ್ನರ್: ಅದು ಪರೀಕ್ಷೆಗೆ ಸರಿ, ಅದೂ ಬಲ್ಲವರ ಕೈಯಲ್ಲಿ. ಅಂಟು ತೆಗೆಯುವ ಕೆಲಸಕ್ಕೆ ಅದನ್ನು ತಂದರೆ ಅಂಟಿನ ಜತೆಗೆ ಬಣ್ಣವನ್ನೂ ಕಿತ್ತು ಒಯ್ಯುತ್ತದೆ.

ಹೊರಗೆ ಕೊಟ್ಟ ಬಾಗಿಲುಗಳು ಮೂರು ಗಂಟೆಯಲ್ಲಿ ಮುಗಿದು ಬಂದವು. ದೂರದಿಂದ ಚೆನ್ನಾಗಿಯೇ ಇದ್ದವು. ಬಾಗಿ ಬೆಳಕಿಗೆ ನೋಡಿದರೆ ಎಡ ಹಿಂಬಾಗಿಲಿನ ಮೇಲೆ ಕೂದಲಿನಷ್ಟು ತೆಳ್ಳನೆಯ ಆರು ಸಮಾನಾಂತರ ಗೀರುಗಳು; ಲೋಹದ ಬ್ಲೇಡ್ ಆಡಿಸಿದ ಗುರುತು. ಪ್ಲಾಸ್ಟಿಕ್ ಬ್ಲೇಡ್ ಬಳಸಿದ್ದರೆ ಇನ್ನೊಂದು ಗಂಟೆ ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ. ಪಾಲಿಶ್ ಹಾಕಿದ ಮೇಲೆ ನಾಲ್ಕು ಗೀರು ಹೋದವು.

ಬಾನೆಟ್ಟಿಗೆ ಕ್ಲೇ, ಅಂದರೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಉಜ್ಜಿ ಒಂದು ಕೈ ಪಾಲಿಶ್ ಹಾಕಿದ್ದೇನೆ. ಸ್ಟೀಮರಿನ ಪಾಲು ಯಾವುದು, ಹೀಟ್ ಗನ್ನಿನ ಪಾಲು ಯಾವುದು ಎಂದು ಈಗ ನನಗೂ ತಿಳಿಯುವುದಿಲ್ಲ. ಎಡ ಫೆಂಡರಿನ ಉಳಿದರ್ಧ ಫಿಲ್ಮನ್ನು ಮಾತ್ರ ಮುಟ್ಟಿಲ್ಲ, ಹಳದಿಯಾಗಿಯೇ ಇದೆ. "ಮಳೆಗಾಲ ಕಳೆಯಲಿ ಸಾರ್, ಫಿಲ್ಮು ಬಣ್ಣ ಎರಡನ್ನೂ ಒಟ್ಟಿಗೇ ತೆಗೆದು ಹೊಸದಾಗಿ ಹೊಡೆಯೋಣ" ಎಂದಿದ್ದಾರೆ ಟಿಂಕರಿಂಗ್ ಅಂಗಡಿಯವರು. ಸ್ಟೀಮರ್ ರೇಷ್ಮೆ ಸೀರೆಗಳ ಪಕ್ಕಕ್ಕೆ ಮರಳಿದೆ, ಬೋರ್‌ವೆಲ್ ನೀರು ಹಾಕಿದ ಸಂಗತಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ.