ಕನ್ನಡ ಟೈಪ್ ಮಾಡಲು ಯಾವ ಕೀಲಿಮಣೆ? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇವತ್ತು ದಾರಿಗಳಿಗೆ ಕೊರತೆಯಿಲ್ಲ. ನಾನು ಚೆನ್ನಾಗಿ ಬಳಸಿ ನೋಡಿರುವುದು ನಾಲ್ಕು. ಒಂದು, ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ. ವಿನ್ಯಾಸ ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಅನ್ನೋ ಜೋಡಣೆ. ಇದನ್ನೇ ಜನ ನುಡಿ ಕೀಲಿಮಣೆ ಅಂತಲೂ ಕರೆಯುತ್ತಾರೆ. ಎರಡು, ಭಾರತದ ಎಷ್ಟೋ ಭಾಷೆಗಳಿಗೆ ಒಂದೇ ಜೋಡಣೆ ಇರುವ ಇನ್‌ಸ್ಕ್ರಿಪ್ಟ್. ಮೂರು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಲಿಪ್ಯಂತರ. ನಾಲ್ಕು, ಬಾಯಲ್ಲಿ ಹೇಳಿ ಬರೆಸುವುದು. ನನ್ನ ಕೆಲಸ ಸಾಫ್ಟ್‌ವೇರ್. ಹಗಲೆಲ್ಲ ಕೋಡ್, ಅದರ ನಡುವೆ ಆ್ಯಪ್‌ಗಳಿಗೆ ಬೇಕಾದ ಕನ್ನಡ ಸಂದೇಶಗಳು. ಸಂಜೆ ನನ್ನದೇ ಬರವಣಿಗೆ. ದಿನದಲ್ಲಿ ಎಷ್ಟೋ ಸಲ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟುತ್ತಿರಬೇಕು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ದಿನಾ ಕನ್ನಡ ಬರೆಯುವವರು, ಲ್ಯಾಪ್‌ಟಾಪ್ ಮುಂದೆ ಕೂರುವವರು ಕಗಪ ಕಲಿಯಬೇಕು. ಉಳಿದ ಮೂರಕ್ಕೂ ಅವುಗಳದೇ ಜಾಗ ಇದೆ, ಆದರೆ ಆ ಜಾಗ ಬೇರೆ.

ಯಾಕೆ ಅಂತ ತೋರಿಸಲು ‘ಕನ್ನಡ’ ಅನ್ನೋ ಪದವನ್ನೇ ತಗೊಳ್ಳೋಣ. ಎಲ್ಲ ಕಂಪ್ಯೂಟರುಗಳೂ ಅಕ್ಷರಗಳಿಗೆ ಬಳಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಇದು ಐದು ತುಂಡು: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದರ ಉದ್ದ ಕೇಳಿದರೆ 5 ಅಂತಲೇ ಹೇಳುತ್ತದೆ. ಯುಟಿಎಫ್-8 ಅನ್ನೋ ರೂಪದಲ್ಲಿ ಫೈಲಿಗೆ ಉಳಿಸಿದರೆ ಒಂದೊಂದು ತುಂಡಿಗೆ 3 ಬೈಟ್, ಒಟ್ಟು 15. ಕಗಪದಲ್ಲಿ ಇದೇ ಪದಕ್ಕೆ ಒತ್ತಬೇಕಾದ್ದು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಕೀಲಿ. ಅಂದರೆ ಬೆರಳು ಒತ್ತಿದ್ದೂ ಫೈಲಿನಲ್ಲಿ ಕೂತದ್ದೂ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ನಡುವೆ ಊಹೆ ಮಾಡುವವರು ಯಾರೂ ಇಲ್ಲ. ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ತುಂಡು ಮಾತ್ರ ಹೋಗುತ್ತದೆ. ಕೊಂಬು ತಪ್ಪಾಗಿದ್ದರೆ ಕೊಂಬನ್ನಷ್ಟೇ ಅಳಿಸಿ ಬೇರೆ ಹಾಕಬಹುದು.

ಲಿಪ್ಯಂತರದಲ್ಲಿ ‘ಕನ್ನಡ’ಕ್ಕೆ ಏಳು ಅಕ್ಷರ ಬೇಕು, ಯಾಕೆಂದರೆ ಪ್ರತಿ ಅಕಾರಕ್ಕೂ ಇಂಗ್ಲಿಷಿನ ಎ ಒತ್ತಬೇಕು. ‘ನಗರ’ ಕಗಪದಲ್ಲಿ ಮೂರು ಕೀಲಿ, ಲಿಪ್ಯಂತರದಲ್ಲಿ ಆರು. ಆದರೆ ಒತ್ತಕ್ಷರ ಬಂದಾಗ ಲೆಕ್ಕ ತಿರುಗುತ್ತದೆ. ‘ಸ್ತ್ರೀ’ ಬರೆಯಲು ಕಗಪದಲ್ಲಿ ಆರು ಕೀಲಿ ಬೇಕು, ‘ಬರಹ’ ತಂತ್ರಾಂಶದ ಥರದ ಲಿಪ್ಯಂತರದಲ್ಲಿ ನಾಲ್ಕೇ ಸಾಕು. ‘ಅಮ್ಮ’ ಎರಡರಲ್ಲೂ ನಾಲ್ಕು. ಹಾಗಾಗಿ ಕೀಲಿ ಎಣಿಸಿ ಗೆದ್ದವರು ಯಾರು ಅಂತ ನಿರ್ಧರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಬರೆಯುವಾಗ ತಲೆಯಲ್ಲಿ ಏನು ಓಡುತ್ತದೆ ಅನ್ನೋದು ಅದಕ್ಕಿಂತ ದೊಡ್ಡ ವಿಷಯ. ಕಗಪದಲ್ಲಿ ನಾನು ಕನ್ನಡ ಅಕ್ಷರವನ್ನೇ ಯೋಚಿಸುತ್ತೇನೆ. ಲಿಪ್ಯಂತರದಲ್ಲಿ ಪ್ರತಿ ಪದವೂ ಒಮ್ಮೆ ಇಂಗ್ಲಿಷ್ ಕಾಗುಣಿತಕ್ಕೆ ಹೋಗಿ ವಾಪಸ್ ಬರಬೇಕು. ಒಂದು ಪುಟ ಬರೆದ ಮೇಲೆ ಈ ಸುತ್ತಿನ ದಣಿವು ಗೊತ್ತಾಗುತ್ತದೆ.

ಕಗಪ ವಿನ್ಯಾಸದ ಹಿಂದಿರುವವರು ಕೆ.ಪಿ. ರಾವ್, ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಅವರ ‘ಸೇಡಿಯಾಪು’ ತಂತ್ರಾಂಶವನ್ನು ಹಳಬರು ಈಗಲೂ ನೆನೆಯುತ್ತಾರೆ. ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶದಲ್ಲಿ ಇದೇ ವಿನ್ಯಾಸವನ್ನು ಹಾಕಿತು. ರಾಜ್ಯ ಸರ್ಕಾರವೂ ಒಪ್ಪಿಕೊಂಡಿತು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂತುಬಿಟ್ಟಿದೆ. ಇದರ ಜಾಣತನ ಬಳಸುತ್ತಾ ಹೋದಷ್ಟೂ ಗೊತ್ತಾಗುತ್ತದೆ. ಕ ಬೇಕೆಂದರೆ ಕೆ, ಖ ಬೇಕೆಂದರೆ ಶಿಫ್ಟ್ ಜೊತೆ ಕೆ. ತ, ಥ ಟಿ ಮೇಲೆ. ದ, ಧ ಡಿ ಮೇಲೆ. ಆಗ ಟ, ಡ ಎಲ್ಲಿಗೆ ಹೋಗಬೇಕು? ಕನ್ನಡಕ್ಕೆ ಬೇಡವಾದ ಕ್ಯೂ ಮತ್ತು ಡಬ್ಲ್ಯೂ ಖಾಲಿ ಇದ್ದವು, ಅಲ್ಲಿಗೆ. ಷ ಎಕ್ಸ್ ಮೇಲೆ. ಒತ್ತು ಕೊಡುವ ಕೀಲಿ ಎಫ್, ಎಡಗೈ ತೋರುಬೆರಳು ಸದಾ ಇರುವ ಜಾಗ. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಜಾಸ್ತಿ ಅಂತ ನೋಡಿದರೆ ಆ ಕೀಲಿಗೆ ಅದೇ ಸರಿಯಾದ ಜಾಗ.

ಒಂದು ಗೊಂದಲ ಬಿಡಿಸಿ ಹೇಳಬೇಕು. ‘ನುಡಿ ಬೇಡಪ್ಪ, ಅದರಲ್ಲಿ ಬರೆದದ್ದು ಬೇರೆ ಕಡೆ ಓದಕ್ಕಾಗಲ್ಲ’ ಅನ್ನುವವರು ತುಂಬಾ ಜನ ಇದ್ದಾರೆ. ಅವರ ತೊಂದರೆ ನಿಜವಾದದ್ದು, ಆದರೆ ಅದು ಕೀಲಿಮಣೆಯದಲ್ಲ, ಹಳೆಯ ಫಾಂಟುಗಳದ್ದು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೇ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳ ಸಾಲು ಕಾಣುತ್ತದೆ. ಅದೇ ಕಗಪ ವಿನ್ಯಾಸವನ್ನು ಯೂನಿಕೋಡ್‌ನಲ್ಲಿ ಬಳಸಿದರೆ ಈ ತಾಪತ್ರಯ ಇಲ್ಲವೇ ಇಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಜನ ಒಳ್ಳೆಯ ಕೀಲಿಮಣೆಯನ್ನೇ ಬಿಟ್ಟುಬಿಟ್ಟಿದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಇನ್‌ಸ್ಕ್ರಿಪ್ಟ್ ಬಗ್ಗೆ ನನಗೆ ಗೌರವ ಇದೆ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಒಪ್ಪಿದ ವಿನ್ಯಾಸ ಇದು. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಕನ್ನಡದ ಜೊತೆ ತಾನಾಗಿಯೇ ಬರುತ್ತಿದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ಋ ಬಿಟ್ಟು ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದಲ್ಲಿ ವ್ಯಂಜನದ ನಂತರ ಸ್ವರ ಬರುವುದರಿಂದ ಬಲಗೈ, ಎಡಗೈ, ಬಲಗೈ ಅಂತ ಒಳ್ಳೇ ಲಯ ಸಿಗುತ್ತದೆ. ‘ದಾರಿ’ ಥರದ ಪದ ಬರೆಯುವಾಗ ಕೈಗೆ ಹಿತವಾಗಿರುತ್ತದೆ. ಇನ್ನೊಂದು ದೊಡ್ಡ ಲಾಭ: ಕನ್ನಡದ ಕ ಇರುವ ಕೀಲಿಯಲ್ಲೇ ಹಿಂದಿಯ ಕ, ತೆಲುಗಿನ ಕ, ಮಲಯಾಳದ ಕ ಇವೆ. ಒಂದು ಕಲಿತರೆ ಭಾರತದ ಎಷ್ಟೋ ಲಿಪಿಗಳಲ್ಲಿ ಬೆರಳು ಓಡುತ್ತದೆ. ಎರಡು ಮೂರು ಭಾಷೆಗಳಲ್ಲಿ ಬರೆಯುವ ಅನುವಾದಕರಿಗೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಎಲ್ಲ ಭಾಷೆಗೂ ಒಂದೇ ಅಚ್ಚು ಹಾಕಿದ್ದರಿಂದ ಕನ್ನಡಕ್ಕೆ ಒಂದು ನಷ್ಟ ಆಗಿದೆ. ಹಿಂದಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲ. ಅಲ್ಲಿರುವ ಏ, ಓ ಸ್ವರಗಳಿಗೆ ಎಡಗೈ ಬೆರಳುಗಳು ಇರುವ ನಡುಸಾಲಿನಲ್ಲೇ ಜಾಗ ಸಿಕ್ಕಿದೆ. ನಮ್ಮ ಹ್ರಸ್ವ ಎಕಾರ ಕೆಳಸಾಲಿನ ಮೂಲೆಗೆ, ಝಡ್ ಕೀಲಿಗೆ ಹೋಗಿದೆ. ಹ್ರಸ್ವ ಒಕಾರ ಇನ್ನೂ ದೂರ, ಎಡ ಮೇಲ್ತುದಿಯಲ್ಲಿ ಒಂದರ ಅಂಕಿಗಿಂತ ಆಚೆ. ಮನೆ, ಕತೆ, ಬೆಳೆ, ಹೊಲ, ಕೊಡು, ತೊಗರಿ. ನಮ್ಮ ಭಾಷೆಯಲ್ಲಿ ಇವಿಲ್ಲದೆ ಒಂದು ಸಾಲೂ ಮುಂದೆ ಹೋಗಲ್ಲ. ‘ಬೆಳೆ’ ಅಂತ ಬರೆಯಲು ಎರಡು ಸಲ ಕಿರುಬೆರಳು ಮೂಲೆಗೆ ಓಡಬೇಕು. ಗಂಟೆಗಟ್ಟಲೆ ಬರೆದ ದಿನ ಆ ಬೆರಳು ನೋಯುತ್ತದೆ. ನಾನು ಕಗಪಕ್ಕೆ ಬಂದದ್ದಕ್ಕೆ ಮುಖ್ಯ ಕಾರಣ ಇದೇ.

ಈಗ ಲಿಪ್ಯಂತರ. ಇದರಲ್ಲಿ ಎರಡು ಜಾತಿ. ಒಂದು ನಿಯಮದ ಪ್ರಕಾರ ನಡೆಯುವುದು. 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’ ಈ ಜಾತಿಯದು. ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಪಾಲಿಸಿದರೆ ಬರೆದದ್ದೇ ಬರುತ್ತದೆ, ಊಹೆ ಇಲ್ಲ. ದೂರದ ದೇಶಗಳಲ್ಲಿದ್ದ ಕನ್ನಡಿಗರು ಇಮೇಲ್‌ನಲ್ಲಿ ಕನ್ನಡ ಬರೆಯುವಂತಾದದ್ದರಲ್ಲಿ ಇದರ ಪಾಲು ದೊಡ್ಡದು. ಇನ್ನೊಂದು ಊಹೆ ಮಾಡುವ ಜಾತಿ. ಫೋನಿನಲ್ಲಿ ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್‌ನಲ್ಲಿರುವುದು ಇದು. 2019ರ ಮೇ ತಿಂಗಳ ನವೀಕರಣದಿಂದ ವಿಂಡೋಸ್ 10ರಲ್ಲೂ ಇಂಥ ಫೊನೆಟಿಕ್ ಕೀಲಿಮಣೆ ಬಂತು.

ಊಹೆ ಮಾಡುವುದರ ಕಷ್ಟ ನೋಡಿ. ಇಂಗ್ಲಿಷಿನಲ್ಲಿ ಬಿ, ಇ, ಎಲ್, ಇ ಅಂತ ಒತ್ತಿದೆ. ನನಗೆ ಬೇಕಾದದ್ದು ಬೆಳೆಯೋ, ಬೆಲೆಯೋ, ಬೇಳೆಯೋ? ಮೂರೂ ದಿನಬಳಕೆಯ ಪದಗಳೇ. ‘ಬೆಳೆ ಕಡಿಮೆಯಾಗಿ ಬೇಳೆಯ ಬೆಲೆ ಏರಿದೆ’ ಅನ್ನೋ ಸಾಲು ಬರೆಯಬೇಕಾದರೆ ಪ್ರತಿ ಪದಕ್ಕೂ ನಿಂತು ಪಟ್ಟಿಯಿಂದ ಆರಿಸಬೇಕು. ಕಗಪದಲ್ಲಿ ಮೂರಕ್ಕೂ ನಾಲ್ಕು ನಾಲ್ಕು ಕೀಲಿ, ನಿಲ್ಲುವ ಮಾತೇ ಇಲ್ಲ. ಉದ್ದ ಪದಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಕನ್ನಡದಲ್ಲಿ ಪ್ರತ್ಯಯಗಳು ಒಂದರ ಹಿಂದೆ ಒಂದು ಅಂಟಿಕೊಳ್ಳುತ್ತವೆ. ‘ನೋಡಿಕೊಂಡಿದ್ದವರಿಗೂ’ ಅನ್ನೋ ಪದ ನಮಗೆ ಸಹಜ, ಆದರೆ ಇಂಥವೆಲ್ಲ ಯಾವ ಪದಪಟ್ಟಿಯಲ್ಲಿ ಹಿಡಿಸುತ್ತವೆ? ಆಗ ಅದು ತನಗೆ ಗೊತ್ತಿರುವ ಹತ್ತಿರದ ಪದ ಕೊಡುತ್ತದೆ. ಊರ ಹೆಸರು, ಅಡುಗೆ ಹೆಸರು, ಹಳ್ಳಿಯ ಮಾತು ಬಂದರಂತೂ ಮುಗಿಯಿತು. ಫೋನಿನಲ್ಲಿ ನಾಲ್ಕು ಸಾಲಿನ ಮೆಸೇಜಿಗೆ ಇದು ಚೆನ್ನಾಗಿದೆ, ನಾನೂ ಬಳಸುತ್ತೇನೆ. ಲೇಖನಕ್ಕೆ ಬೇಡ.

ಕೋಡ್ ಬರೆಯುವವರಿಗೆ ಇನ್ನೆರಡು ಮಾತು. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಬರಬೇಕಾದರೆ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದಿದ್ದರೆ ವ ಒತ್ತಾಗಿ ಕೆಳಗೆ ಇಳಿದು ‘ಸಾಫ್ಟ್ವೇರ್’ ಆಗುತ್ತದೆ. ನಾನು ಬಳಸುವ ಕಗಪದಲ್ಲಿ ಎಫ್ ಎರಡು ಸಲ ಒತ್ತಿದರೆ ಅದು ಬರುತ್ತದೆ. ಇಂಗ್ಲಿಷ್ ಪದಗಳು ತುಂಬಿರುವ ಇವತ್ತಿನ ಬರಹಕ್ಕೆ ಇದು ದೊಡ್ಡ ಅನುಕೂಲ. ಆದರೆ ಒಂದು ಎಚ್ಚರ ಬೇಕು. ಪದದ ಕೊನೆಯಲ್ಲಿ, ‘ಬೆಂಗಳೂರ್’ ಅಂತ ಬರೆದು ಎಫ್ ಎರಡು ಸಲ ಒತ್ತಿದರೆ ಆ ಕಾಣದ ಅಕ್ಷರ ಅಲ್ಲೂ ಕೂರುತ್ತದೆ. ಎಫ್ ಒಂದು ಸಲ ಒತ್ತಿ ಬರೆದದ್ದೂ ಎರಡು ಸಲ ಒತ್ತಿ ಬರೆದದ್ದೂ ತೆರೆಯ ಮೇಲೆ ಒಂದೇ ಥರ ಕಾಣುತ್ತವೆ. ಪ್ರೋಗ್ರಾಂ ಮಾತ್ರ ಎರಡೂ ಬೇರೆ ಅನ್ನುತ್ತದೆ, ಹುಡುಕಿದರೆ ಸಿಗಲ್ಲ. ಕನ್ನಡ ಪದಗಳನ್ನು ಹೋಲಿಸುವ ಕೋಡ್ ಬರೆಯುವವರು ಮೊದಲು ಪದದ ಕೊನೆಯ ಈ ಅಕ್ಷರವನ್ನು ತೆಗೆದುಹಾಕಿ, ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದೇ ಮಾಡುವುದು) ಮಾಡಿ, ಆಮೇಲೆ ಹೋಲಿಸಬೇಕು. ನಾನಂತೂ ಇದನ್ನು ಬಿಡುವುದೇ ಇಲ್ಲ.

ಎರಡನೆಯದು, ಕೋಡ್ ಬರೆಯಲು ವಿಮ್ ಅನ್ನೋ ಎಡಿಟರ್ ಬಳಸುವವರಿಗೆ. ಅದರಲ್ಲಿ ಬರೆಯುವ ಮೋಡ್ ಬೇರೆ, ಅಕ್ಷರದ ಕೀಲಿಗಳೇ ಆಜ್ಞೆಗಳಾಗುವ ಮೋಡ್ ಬೇರೆ. ಕನ್ನಡ ಕೀಲಿಮಣೆ ಹಾಕಿಕೊಂಡು ಎಸ್ಕೇಪ್ ಒತ್ತಿ ಕೆಳಗಿನ ಸಾಲಿಗೆ ಹೋಗೋಣ ಅಂತ ಜೆ ಒತ್ತಿದರೆ ವಿಮ್‌ಗೆ ‘ಜ’ ಸಿಗುತ್ತದೆ, ಅದಕ್ಕೆ ಏನೂ ತಿಳಿಯುವುದಿಲ್ಲ. ಪ್ರತಿ ಸಲ ಭಾಷೆ ಬದಲಿಸುತ್ತಾ ಕೂತರೆ ಕೆಲಸ ಸಾಗಲ್ಲ. ವಿಮ್‌ನಲ್ಲೇ ಕೀಮ್ಯಾಪ್ ಅನ್ನೋ ಸೌಲಭ್ಯ ಇದೆ. ಅದು ಬರೆಯುವ ಮೋಡ್‌ನಲ್ಲಿ ಮಾತ್ರ ಕನ್ನಡ ಕೊಡುತ್ತದೆ, ಆಜ್ಞೆಗಳಿಗೆ ಇಂಗ್ಲಿಷ್ ಹಾಗೇ ಉಳಿಯುತ್ತದೆ. ಕಗಪ, ಇನ್‌ಸ್ಕ್ರಿಪ್ಟ್ ಎರಡನ್ನೂ ಹೀಗೆ ಒಂದು ಚಿಕ್ಕ ಫೈಲಿನಲ್ಲಿ ಬರೆದಿಟ್ಟುಕೊಳ್ಳಬಹುದು, ಯಾಕೆಂದರೆ ಅವು ಸರಳ ನಿಯಮಗಳು. ಊಹೆ ಮಾಡುವ ಲಿಪ್ಯಂತರದಲ್ಲಿ ಇದು ಆಗದ ಕೆಲಸ.

ಮಾತಾಡಿ ಬರೆಸುವುದು 2017ರಲ್ಲಿ ಗೂಗಲ್ ಕನ್ನಡವನ್ನು ಸೇರಿಸಿದ ಮೇಲೆ ಎಲ್ಲರ ಕೈಗೂ ಬಂತು. ನಿಶ್ಶಬ್ದವಾದ ಕೋಣೆಯಲ್ಲಿ, ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರೆ ಒಳ್ಳೆಯ ಫಲ ಕೊಡುತ್ತದೆ. ‘ಹೋಗ್ತೀನಿ, ಬರ್ತೀನಿ’ ಶೈಲಿಗೆ ತಡವರಿಸುತ್ತದೆ. ಪೂರ್ಣವಿರಾಮ, ಅಲ್ಪವಿರಾಮ ನಾವೇ ಹಾಕಬೇಕಾಗುತ್ತದೆ. ಹಾಗಾಗಿ ನಾನು ಕರಡಿಗೆ ಮಾತ್ರ ಬಳಸುತ್ತೇನೆ, ತಿದ್ದುವುದು ಕಗಪದಲ್ಲೇ. ಆದರೆ ಹಿರಿಯರಿಗೆ ಇದು ವರ. ನಮ್ಮ ಅತ್ತೆಗೆ ಕೀಲಿಮಣೆ ಯಾವುದೂ ಬೇಡ. ನೆಂಟರಿಗೆಲ್ಲ ಮೆಸೇಜ್ ಹಾಕುವುದು ಬಾಯಲ್ಲೇ. ಯಾರದ್ದಾದರೂ ಹೆಸರು ತಪ್ಪಾಗಿ ಬಂದರೆ ಕೈಬರಹದ ಸೌಲಭ್ಯ ತೆರೆದು ಬೆರಳಲ್ಲಿ ಫೋನಿನ ಮೇಲೆ ದುಂಡಾಗಿ ಬರೆಯುತ್ತಾರೆ. ಅದು ಸರಿಯಾಗಿ ಗುರುತಿಸುತ್ತದೆ. ಅವರಿಗೆ ಕಗಪ ಕಲಿಯಿರಿ ಅನ್ನುವುದರಲ್ಲಿ ಅರ್ಥವೇ ಇಲ್ಲ.

ಕಗಪ ಕಲಿಯಬೇಕು ಅನ್ನಿಸಿದವರು ಲಿನಕ್ಸ್‌ನಲ್ಲಿದ್ದರೆ ಕೀಲಿಮಣೆಯ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡದಲ್ಲಿ ‘ಕಗಪ ಫೊನೆಟಿಕ್’ ಆರಿಸಿದರೆ ಆಯ್ತು. ವಿಂಡೋಸ್‌ನಲ್ಲಿ ನುಡಿ ಹಾಕಿಕೊಂಡು ಯೂನಿಕೋಡ್ ಆಯ್ಕೆಯಲ್ಲಿ ಬರೆಯಬಹುದು. ಇಂಗ್ಲಿಷ್ ಕೀಲಿಮಣೆ ಗೊತ್ತಿದ್ದವರಿಗೆ ಮುಕ್ಕಾಲು ಭಾಗ ಮೊದಲೇ ಗೊತ್ತಿರುತ್ತದೆ. ಕಲಿಯಬೇಕಾದ್ದು ಎಫ್, ಕ್ಯೂ, ಡಬ್ಲ್ಯೂ, ಎಕ್ಸ್, ಮತ್ತೆ ಶಿಫ್ಟ್ ಜೊತೆ ಬರುವ ಐ, ಔ, ಸೊನ್ನೆ (ಂ). ಐಗೆ ಶಿಫ್ಟ್ ಜೊತೆ ವೈ, ಔಗೆ ಶಿಫ್ಟ್ ಜೊತೆ ವಿ, ಸೊನ್ನೆಗೆ ಶಿಫ್ಟ್ ಜೊತೆ ಎಂ. ಇವನ್ನು ಒಂದು ಚೀಟಿಯಲ್ಲಿ ಬರೆದು ತೆರೆಯ ಪಕ್ಕ ಅಂಟಿಸಿಕೊಳ್ಳಿ. ಹಳೆಯ ಪತ್ರಿಕೆಯ ಯಾವುದಾದರೂ ಪುಟ ಎದುರಿಗೆ ಇಟ್ಟುಕೊಂಡು ನೋಡಿ ಬರೆಯುತ್ತಾ ಹೋಗಿ. ಒತ್ತಕ್ಷರ ಜಾಸ್ತಿ ಇರುವ ಬರಹ ಸಿಕ್ಕರೆ ಇನ್ನೂ ಒಳ್ಳೇದು, ಎಫ್ ಕೀಲಿ ಬೇಗ ಕೈಗೆ ಹತ್ತುತ್ತದೆ.